ನಿಲ್ಲಿಸಿದ ಪೊರಕೆ

ಕೆಲಸ ಮುಗಿಸಿ ಮನೆಗೆ ಹೊರಟರು. ಫೋನಿನಲ್ಲಿ ಮನೆಯ ಚಿತ್ರ ಇತ್ತು. ಒತ್ತಿದರು. ನಲವತ್ತೊಂದು ಹೆಂಗಸರು ಮಾಡಿದ ತಪ್ಪು ಇಷ್ಟೇ.

ರಸ್ತೆ ಗುಡಿಸುವವರ ಹಾಜರಿ ಪುಸ್ತಕವನ್ನು ಆ ವರ್ಷ ಕಚೇರಿಯವರು ಕಪಾಟಿಗೆ ಸೇರಿಸಿ, ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿದ್ದರು. ಬೆಳಿಗ್ಗೆ ಐದೂವರೆಗೆ ಬಂದಾಗ ಒಂದು ಚಿತ್ರ ಒತ್ತಬೇಕು, ಹನ್ನೆರಡೂವರೆಗೆ ಮುಗಿಸಿದಾಗ ಇನ್ನೊಂದು. ಶುರುವಿಗೆ ತ್ರಿಕೋನ, ಮುಗಿಸುವುದಕ್ಕೆ ಚೌಕ. ಹಾಡು ಹಾಕುವ ಯಂತ್ರಗಳಲ್ಲಿ ಹಾಗೇ ಇರುತ್ತದಂತೆ. ಪೊರಕೆಗೂ ಹಾಡಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರನ್ನು ಚಿತ್ರ ಆರಿಸಿದ ಕೋಣೆಯೊಳಗೆ ಬಿಟ್ಟಿರಲಿಲ್ಲ. ಚೌಕದ ಪಕ್ಕದಲ್ಲಿ ಮನೆ. ಮನೆ ಒತ್ತಿದರೆ ಆ್ಯಪ್‌ನ ಮೊದಲ ಪುಟ ಬರುತ್ತದೆ, ಅಷ್ಟೇ. ಕೆಲಸ ಮುಗಿದದ್ದು ದಾಖಲಾಗುವುದಿಲ್ಲ. ದಾಖಲಾಗದ ದಿನವನ್ನು ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಗೈರು ಎಂದು ಬರೆದುಕೊಳ್ಳುತ್ತದೆ. ರಜೆ ಕೇಳಲು ಒಂದು ಕೊಡೆ ಇತ್ತು, ಸಮುದ್ರದ ದಂಡೆಯಲ್ಲಿ ಮರಳಿಗೆ ನೆಡುವ ಥರದ್ದು. ಅದನ್ನು ನಮ್ಮವರು ಮಳೆ ಬಂದ ದಿನ ಒತ್ತಿದರು. ಗಾಯವಾದರೆ ಒತ್ತಬೇಕಾದದ್ದು ನೀರಲ್ಲಿ ಮುಳುಗುವವರಿಗೆ ಎಸೆಯುವ ಉಂಗುರ. ಅದನ್ನು ಟಯರು ಅಂದುಕೊಂಡು, ಕಸದ ಗಾಡಿ ಪಂಕ್ಚರ್ ಆದಾಗ ಒತ್ತಿ, ಆಂಬುಲೆನ್ಸ್ ಕರೆಸಿದರು.

ಕೇಳಿದವರು ನಕ್ಕರು. ನಗಲಾಗದವಳು ಒಬ್ಬಳಿದ್ದಳು, ಬೋರ್ಡಕ್ಕನ ನಾದಿನಿ. ಒಂಬತ್ತು ವರ್ಷ ಗುತ್ತಿಗೆಯಲ್ಲಿ ಗುಡಿಸಿದವಳು. ಆ ತಿಂಗಳ ಕೊನೆಗೆ ಕಾಯಂ ಆಗುವವರ ಪಟ್ಟಿ ಹೊರಡುವುದಿತ್ತು, ಅವಳ ಸರದಿ ಬಂದಿತ್ತು. ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಗೈರು ಇದ್ದವರನ್ನು ಪಟ್ಟಿಗೆ ಸೇರಿಸುವುದಿಲ್ಲ. ಅವಳಿಗೆ ಎರಡೇ ವಾರದಲ್ಲಿ ಹನ್ನೊಂದು ಗೈರು ಬಿದ್ದಿತ್ತು. ಈ ಸಲ ತಪ್ಪಿದರೆ ಮತ್ತೆ ಪಟ್ಟಿ ಯಾವಾಗ ಎಂದು ಕಚೇರಿಯ ಗೋಡೆಗೂ ಗೊತ್ತಿರಲಿಲ್ಲ.

ನಲವತ್ತೊಂದು ಜನರೂ ಕಚೇರಿಯ ಮೆಟ್ಟಿಲ ಮೇಲೆ ಕೂತರು. ಅಧಿಕಾರಿ ಒಳಗೆ ಕರೆಸಿದ.

"ಕಂಪ್ಯೂಟರ್ ಪ್ರಕಾರ ನೀವು ಹನ್ನೊಂದು ದಿನ ಕೆಲಸಕ್ಕೇ ಬಂದಿಲ್ಲಮ್ಮ," ಎಂದ ನಾದಿನಿಗೆ.

"ಮತ್ತೆ ರಸ್ತೆ ಯಾರು ಗುಡಿಸಿದ್ದು ಸಾರ್? ಕಂಪ್ಯೂಟರಾ?"

"ಇಡೀ ಪ್ರಪಂಚಕ್ಕೆ ಗೊತ್ತು, ಮನೆ ಅಂದ್ರೆ ಮೊದಲ ಪುಟ ಅಂತ."

"ನಂಗೆ ಮನೆ ಅಂದ್ರೆ ಮನೆ ಸಾರ್. ನಿಮ್ಗೆ ಬೇರೇನಾ?"

ನಮ್ಮ ಸಂಘದ ಅಧ್ಯಕ್ಷೆ ಪಕ್ಕದಲ್ಲೇ ಇದ್ದಳು. ಅವಳನ್ನು ಎಲ್ಲರೂ ಮೈಕಮ್ಮ ಎನ್ನುತ್ತಾರೆ, ಅವಳ ಗಂಟಲಿಗೆ ಮೈಕು ಕೊಟ್ಟರೆ ಮೈಕಿಗೇ ಅವಮಾನ ಅಂತ. "ತಪ್ಪು ಚಿತ್ರದ್ದು, ಜನರದಲ್ಲ. ಚಿತ್ರ ನಾವು ಬರೆದುಕೊಡ್ತೀವಿ," ಎಂದುಬಿಟ್ಟಳು. ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ, ಅದೊಂದೂ ಅವಳ ತಲೆಯಲ್ಲಿ ಇರಲಿಲ್ಲ. ಚಳವಳಿಯಲ್ಲಿ ಅರ್ಧ ಮಾತು ಹೀಗೇ ಬಾಯಿಂದ ಹೊರಗೆ ಬಿದ್ದಮೇಲೆ ಕೈಗೆ ಕೆಲಸ ಹಚ್ಚುವುದು.

ಅಧಿಕಾರಿ ಕೆಟ್ಟವನಲ್ಲ, ಆದರೆ ಸೋಲಲು ಇಷ್ಟವಿಲ್ಲದವನು. ಶರತ್ತು ಹಾಕಿದ. "ಮೂರು ವಾರ ಟೈಮು. ನಲವತ್ತು ಜನನ್ನ ನಾನೇ ಆರಿಸ್ತೀನಿ. ಯಾರೂ ಮೊದಲೇ ನೋಡಿರಬಾರದು, ಯಾರೂ ಹೇಳಿಕೊಡಬಾರದು. ಅಕ್ಷರ ಒಂದೂ ಇರಬಾರದು, ಬರೀ ಚಿತ್ರ. ನಲವತ್ತರಲ್ಲಿ ಮೂವತ್ತಾರು ಜನ ಸರಿಯಾಗಿ ಒತ್ತಿದ್ರೆ ತಪ್ಪು ಆ್ಯಪ್‌ದು ಅಂತ ಒಪ್ಕೊಂಡು ಅಷ್ಟೂ ಗೈರು ಹೊಡೆದುಹಾಕ್ತೀನಿ. ಮೂವತ್ತೈದಾದ್ರೆ ತಪ್ಪು ನಿಮ್ಮದು. ಗೈರು ಗೈರೇ."

ಮೈಕಮ್ಮ ಹೊರಗೆ ಬಂದು ನೇರ ಬೋರ್ಡಕ್ಕನ ಅಂಗಡಿಗೆ ನಡೆದಳು.

ಬೋರ್ಡಕ್ಕ ಅಂಗಡಿ ಬೋರ್ಡು ಬರೆಯುವವಳು. ಅವಳಪ್ಪನೂ ಅದೇ ಕಸುಬಿನವನು. ಗಂಡುಮಕ್ಕಳು ಏಣಿ ಹತ್ತಲು ಹೆದರಿದರು, ಇವಳು ಹತ್ತಿದಳು. ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಎಂಟಡಿ ಅಗಲದ ಕೋಣೆ, ಟರ್ಪೆಂಟೈನ್ ವಾಸನೆ, ಗೋಡೆಯ ಮೊಳೆಗಳಲ್ಲಿ ಚಪ್ಪಟೆ ಬ್ರಷ್ಷುಗಳು, ಮೂಲೆಯಲ್ಲಿ ಸೀಮೆಸುಣ್ಣ ಹಚ್ಚಿದ ದಾರದ ಉಂಡೆ. ಆ ದಾರವನ್ನು ಬಿಗಿ ಹಿಡಿದು ಒಮ್ಮೆ ಮೀಟಿದರೆ ಹತ್ತಡಿ ಹಲಗೆಯ ಮೇಲೆ ಕೂದಲೆಳೆಯಷ್ಟೂ ಅತ್ತಿತ್ತ ಆಗದ ಗೆರೆ ಬೀಳುತ್ತದೆ. ಮೂವತ್ತು ವರ್ಷ ನಮ್ಮ ಒಂದೊಂದು ಮೆರವಣಿಗೆಯ ಫಲಕವನ್ನೂ ಬರೆದವಳು ಅವಳೇ. ಲಾಠಿ ತಿಂದವರ ಹೆಸರು ಪತ್ರಿಕೆಗಳಲ್ಲಿ ಬಂತು, ಭಾಷಣ ಬಿಗಿದವರ ಫೋಟೊ ಬಂತು. ಆ ಫೋಟೊಗಳ ಹಿಂದೆ, ಎರಡು ಫರ್ಲಾಂಗು ದೂರಕ್ಕೂ ಓದಲು ಬರುವ ಕೆಂಪು ಅಕ್ಷರಗಳಲ್ಲಿ ಬೋರ್ಡಕ್ಕ ಇದ್ದಳು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇದು ನಮ್ಮ ತಪ್ಪು, ಒಪ್ಪಿಕೊಳ್ಳಬೇಕು.

ಫ್ಲೆಕ್ಸು ಬಂದಮೇಲೆ ಬೋರ್ಡು ಬರೆಸುವವರು ಕಡಿಮೆಯಾದರು. ಅವಳು ಅಳುತ್ತ ಕೂರುವ ಜಾತಿಯಲ್ಲ. ಲಾರಿಗಳ ಹಿಂಬದಿ, ನೀರಿನ ಟ್ಯಾಂಕು, ಶಾಲೆಯ ಗೋಡೆ, ಸಿಕ್ಕಿದ್ದೆಲ್ಲ ಬರೆದಳು. ಮೊಬೈಲಿನ ಚಿತ್ರವೊಂದನ್ನು ಮಾತ್ರ ಬರೆದಿರಲಿಲ್ಲ.

"ಎಷ್ಟು ದೊಡ್ಡದಾಗಿ ಬೇಕು?" ಎಂದು ಕೇಳಿದಳು.

ಮೈಕಮ್ಮ ತನ್ನ ಹೆಬ್ಬೆರಳಿನ ಉಗುರು ತೋರಿಸಿದಳು.

"ನಿನ್ನ ತಲೆ ಕೆಟ್ಟಿದೆಯಾ?"

"ಕೆಟ್ಟಿದೆ. ಮಾತು ಕೊಟ್ಟು ಬಂದಿದೀನಿ. ನಿನ್ನ ನಾದಿನಿ ಹೆಸರು ಪಟ್ಟೀಲಿ ಬರ್ಬೇಕೋ ಬೇಡ್ವೋ?"

ಅಲ್ಲಿಗೆ ಮಾತು ಮುಗಿಯಿತು.

ಆ್ಯಪ್ ಮಾಡಿದ ಕಂಪನಿಯಿಂದ ಒಬ್ಬ ಇಂಜಿನಿಯರಮ್ಮ ಬಂದಳು. ಮೂವತ್ತರ ಆಸುಪಾಸು, ಬಗಲಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಇದೆಲ್ಲ ನನ್ನ ಕರ್ಮ ಎಂಬ ಭಾವ. ಕೂರಲು ಬಣ್ಣದ ಡಬ್ಬ ಕೊಟ್ಟರು, ಕೂತಳು. ಪರದೆಯ ಮೇಲೆ ಒಂದು ಜಾಲರಿ ತೋರಿಸಿದಳು. ಅಡ್ಡಕ್ಕೆ ಇಪ್ಪತ್ತನಾಲ್ಕು ಚೌಕ, ಉದ್ದಕ್ಕೆ ಇಪ್ಪತ್ತನಾಲ್ಕು ಚೌಕ. ಚಿತ್ರ ಇದರೊಳಗೇ ಕೂರಬೇಕು, ಗೆರೆ ಎರಡು ಚೌಕಕ್ಕಿಂತ ತೆಳುವಾದರೆ ಕಣ್ಣಿಗೆ ಹತ್ತುವುದಿಲ್ಲ.

"ಇದು ನಮ್ಮಪ್ಪನ ಲೆಕ್ಕಾನೇ," ಎಂದಳು ಬೋರ್ಡಕ್ಕ. "ದಾರ ಮೀಟಿ ಚೌಕ ಹಾಕ್ತಿದ್ದ. ನೀವು ಅದನ್ನ ಪೆಟ್ಟಿಗೆಯೊಳಗೆ ಹಾಕಿದೀರ."

"ಮನೆ ಐಕಾನ್ ಮಾತ್ರ ತೆಗೆಯೋಕೆ ಬರಲ್ಲ ಮೇಡಂ. ಎಲ್ಲಾ ಆ್ಯಪ್‌ನಲ್ಲೂ ಇರತ್ತೆ."

"ಎಲ್ಲಾ ಅಂಗಡೀಲೂ ಬಾಗಿಲಿರತ್ತೆ ತಾಯಿ. ಅದಕ್ಕೆ ನಾನು ಬೋರ್ಡಿನ ಮೇಲೆ ಬಾಗಿಲು ಬರೀತೀನಾ? ಒಳಗೆ ಏನು ಸಿಗತ್ತೆ ಅಂತ ಬರೀಬೇಕು."

ಇಂಜಿನಿಯರಮ್ಮ ಲ್ಯಾಪ್‌ಟಾಪು ಎಳೆದುಕೊಂಡು ಒಂದು ಗುಂಡಿ ಒತ್ತಿದಳು. ಮನೆ ಹೋಯಿತು.

ಮಾತಿನಲ್ಲಿ ಗೆದ್ದ ಬೋರ್ಡಕ್ಕ ಕೈಯಲ್ಲಿ ಸೋತಳು. ಮೂರು ದಿನ ಕೂತು ಗುಡಿಸುವ ಹೆಂಗಸಿನ ಚಿತ್ರ ಬರೆದಳು. ಬಾಗಿದ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಪೊರಕೆಯ ಒಂದೊಂದು ಕಡ್ಡಿ. ಕಾಗದದ ಮೇಲೆ ನೋಡಿದರೆ ಕಣ್ಣು ತಂಪಾಗುವಂಥ ಚಿತ್ರ. ಮನೆಯಲ್ಲಿ ಗಂಡ ದರ್ಜಿ, ಹೊಲಿಗೆ ಯಂತ್ರದಿಂದ ತಲೆ ಎತ್ತಿ "ಬಾಳ ಚೆನ್ನಾಗಿದೆ ಕಣೇ" ಎಂದ. ಇಂಜಿನಿಯರಮ್ಮ ಅದನ್ನು ಉಗುರಿನಷ್ಟು ಕುಗ್ಗಿಸಿ ಫೋನಿಗೆ ಹಾಕಿದಳು. ನಾದಿನಿಗೆ ತೋರಿಸಿದರು.

"ಇದು ಕಾಲು ಮುರ್ಕೊಂಡೋರು ಒತ್ತೋದಾ ಅತ್ತಿಗೆ?"

"ಏನಂದೆ?"

"ಯಾರೋ ಪಾಪ, ಊರುಗೋಲು ಹಿಡ್ಕೊಂಡು ಆಸ್ಪತ್ರೆಯಿಂದ ಬರ್ತಿದಾರಲ್ಲ."

ಆ ಸಂಜೆ ನಾದಿನಿಗೆ ಚಹಾ ಕೊಡುವಾಗ ಬೋರ್ಡಕ್ಕ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು. "ಸಿಟ್ಟು ಬಂತಾ ಅತ್ತಿಗೆ?" ಎಂದರೆ, "ನಿನ್ನ ಮೇಲಲ್ಲ ಕಣೇ. ನನ್ನ ಹತ್ರ ಬೋರ್ಡು ಬರೆಸೋಕೆ ಬಂದೋರ್ಗೆಲ್ಲ ಬೈತಿದ್ದೆ, ನಾನೂ ಅದನ್ನೇ ಮಾಡಿದೆ," ಎಂದಳು. ಗಿರಾಕಿಗಳು ಬಂದು, ಅಂಗಡಿ ಹೆಸರಿನ ಜೊತೆ ತಮ್ಮ ಮೂರು ತಲೆಮಾರಿನ ಹೆಸರು, ಹೂವು, ಬಳ್ಳಿ, ಎರಡು ಗಿಳಿ ಎಲ್ಲ ಬರೆಸಬೇಕೆಂದು ಹಟ ಹಿಡಿದಾಗ ಅವಳು ಅವರನ್ನು ರಸ್ತೆಯಾಚೆ ನಿಲ್ಲಿಸಿ, ಓಡುವ ಬಸ್ಸಿನ ಕಿಟಕಿ ತೋರಿಸಿ, ಅಲ್ಲಿ ಕೂತವನಿಗೆ ಏನು ಕಾಣುತ್ತದೆ ಹೇಳಿ ಎನ್ನುತ್ತಿದ್ದಳು. ಫೋನೂ ಓಡುವ ಬಸ್ಸೇ. ಪೊರಕೆ ಒಂದು ಕೈಯಲ್ಲಿ, ಬುಟ್ಟಿ ಒಂದು ಕೈಯಲ್ಲಿ, ಹಿಂದೆ ಗಾಡಿಯ ಹಾರ್ನು. ಒಂದು ಕ್ಷಣ ನೋಡುತ್ತಾರೆ, ಒತ್ತುತ್ತಾರೆ.

ಹೆಂಗಸು ಹೋದಳು, ಸೆರಗು ಹೋಯಿತು, ಕಡ್ಡಿಗಳು ಹೋದವು. ಉಳಿದದ್ದು ಒಂದು ಕೋಲು, ಅದರ ತುದಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಐದು ದಪ್ಪ ಗೆರೆ, ನಡುವೆ ಒಂದು ಕಟ್ಟು. ಪೊರಕೆ. ಅದರಲ್ಲಿ ಇನ್ನು ತೆಗೆಯುವುದೇನೂ ಇರಲಿಲ್ಲ. ಯಾರಿಗೆ ತೋರಿಸಿದರೂ ಪೊರಕೆ ಎಂದರು.

ಆದರೆ ತೋರಿಸುವ ರೀತಿಯನ್ನೂ ಅವಳು ಬದಲಿಸಿದಳು. ಚೆನ್ನಾಗಿದೆಯಾ ಎಂದು ಕೇಳುವುದನ್ನು ಬಿಟ್ಟಳು. ಬಸ್‌ಸ್ಟಾಪಿನಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಸಿಕ್ಕಸಿಕ್ಕವರ ಮುಂದೆ ಫೋನು ಹಿಡಿದು, "ಇದನ್ನ ಒತ್ತಿದ್ರೆ ಏನಾಗತ್ತೆ?" ಎಂದು ಮಾತ್ರ ಕೇಳುತ್ತಿದ್ದಳು. ದರ್ಜಿ ಮತ್ತೆ "ಚೆನ್ನಾಗಿದೆ" ಎಂದಾಗ ರೇಗಿದಳು.

"ನಿಮ್ಮ ಚೆನ್ನಾಗಿದೆ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ಏನಾಗತ್ತೆ ಹೇಳಿ ಅಂದ್ರೆ!"

"ಒತ್ತಿದ್ರೆ... ಗುಡಿಸೋದು ಶುರು?"

"ಹಾಂ. ಅಷ್ಟು ಹೇಳೋಕೆ ನಿಮಗೆ ಒಂದು ವಾರ ಬೇಕಾಯ್ತು ನೋಡಿ."

ಶುರು ಸಿಕ್ಕಿತು. ಗಾಯಕ್ಕೆ ಬಟ್ಟೆ ಸುತ್ತಿದ ಹೆಬ್ಬೆರಳು ಬರೆದಳು. ಗುಡಿಸುವವರ ಕೈಗೆ ಒಡೆದ ಗಾಜು ತಗಲದ ವಾರವಿಲ್ಲ, ನೋಡಿದವರೆಲ್ಲ ತಮ್ಮ ತಮ್ಮ ಬೆರಳು ನೋಡಿಕೊಂಡರು. ರಜೆಗೆ, ಮೊಳೆಗೆ ನೇತುಹಾಕಿದ ಮೇಲಂಗಿ. ಕೆಲಸದ ಹೊತ್ತಿನಲ್ಲಿ ಸೀರೆಯ ಮೇಲೆ ಹಾಕುವ, ಹೊಳೆಯುವ ಪಟ್ಟಿ ಇರುವ ಆ ಅಂಗಿ ಮೊಳೆಯ ಮೇಲೇ ಇದೆ ಎಂದರೆ ಅದರ ಒಡತಿ ಬಂದಿಲ್ಲ.

ಉಳಿದದ್ದು ಮುಗಿಸುವುದು. ಅದೇ ಜೀವ ತಿಂದಿತು. ನಲವತ್ತೊಂದು ಜನ ಬಿದ್ದದ್ದೇ ಆ ಗುಂಡಿಯಲ್ಲಿ. ಪೊರಕೆಯ ಮೇಲೆ ಅಡ್ಡಗೆರೆ ಎಳೆದಳು, ಇಲ್ಲಿ ಗುಡಿಸಬಾರದು ಎಂದು ಓದಿದರು. ಪೊರಕೆಯ ಪಕ್ಕ ಗಡಿಯಾರ ಇಟ್ಟಳು, ತಡವಾಗಿ ಬಂದವರು ಒತ್ತಬೇಕಾ ಎಂದರು. ಹೊರಟ ಹೆಂಗಸಿನ ಬೆನ್ನು ಬರೆದಳು, ಕೆಲಸ ಬಿಟ್ಟವರು ಎಂದರು. ನಾದಿನಿ ಅದನ್ನು ನೋಡಿ ಹಿಂದೆ ಸರಿದಳು. "ಇದನ್ನ ನಾನು ಸತ್ರೂ ಒತ್ತಲ್ಲ ಅತ್ತಿಗೆ. ನಾನೇ ರಾಜೀನಾಮೆ ಕೊಟ್ಟಂಗಾಗತ್ತೆ." ಎರಡು ವಾರ ಕಳೆದಿತ್ತು. ಹಸಿರಿನಲ್ಲಿ ಶುರು, ಕೆಂಪಿನಲ್ಲಿ ಮುಕ್ತಾಯ ಮಾಡಿಬಿಡೋಣ ಎಂದಳು ಇಂಜಿನಿಯರಮ್ಮ. ಬೋರ್ಡಕ್ಕ ಅವಳ ರಟ್ಟೆ ಹಿಡಿದು ಮಟಮಟ ಮಧ್ಯಾಹ್ನದ ರಸ್ತೆಗೆ ಎಳೆದುಕೊಂಡು ಹೋಗಿ ಬಿಸಿಲಲ್ಲಿ ಫೋನು ಕೊಟ್ಟಳು.

"ಯಾವ್ದು ಹಸಿರು?"

ಇಂಜಿನಿಯರಮ್ಮ ಫೋನನ್ನು ಓರೆ ಮಾಡಿದಳು, ಕೈ ಅಡ್ಡ ಹಿಡಿದಳು, ಕಣ್ಣು ಕಿರಿದು ಮಾಡಿದಳು. ಪರದೆಯಲ್ಲಿ ಎರಡೂ ಬೂದಿ.

"ಮುಗಿಸೋದು ಇದೇ ಹೊತ್ತಿಗೆ, ಇದೇ ಬಿಸಿಲಲ್ಲಿ. ಬಣ್ಣನ ನಂಬಬೇಡ ತಾಯಿ. ಬಣ್ಣದಲ್ಲೇ ಹುಟ್ಟಿದೋಳು ಹೇಳ್ತಿದೀನಿ. ಆಕಾರಾನೇ ಬೇರೆ ಇರ್ಬೇಕು."

ಅವತ್ತಿನಿಂದ ಇಂಜಿನಿಯರಮ್ಮ ಅವಳನ್ನು ಮೇಡಂ ಎನ್ನುವುದನ್ನು ಬಿಟ್ಟು ಅಕ್ಕ ಎನ್ನತೊಡಗಿದಳು.

ಮಾರನೆಯ ದಿನ ಬೋರ್ಡಕ್ಕ ಅಂಗಡಿಯ ಬಾಗಿಲೇ ತೆರೆಯಲಿಲ್ಲ. ಐದೂವರೆಗೆ ನಾದಿನಿಯ ಹಿಂದೆ ಹೊರಟಳು. ಕಾಗದ ಒಯ್ಯಲಿಲ್ಲ, ಬರೆಯಲಿಲ್ಲ, ಸುಮ್ಮನೆ ಹಿಂದೆ ನಡೆದಳು. ಏಳು ಗಂಟೆ ಹೊತ್ತು, ಬ್ಯಾಂಕಿನ ಮುಂದಿನ ರಸ್ತೆ, ಆಸ್ಪತ್ರೆಯ ಹಿಂಬದಿ, ಮಾರುಕಟ್ಟೆಯ ಓಣಿ. ಹನ್ನೆರಡೂವರೆಗೆ ಎಲ್ಲರೂ ತಗಡಿನ ಶೆಡ್ಡಿಗೆ ಬಂದರು. ಹೆಂಗಸರು ಹೊರಗೆ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಬೋರ್ಡಕ್ಕ ಶೆಡ್ಡಿನೊಳಗೆ ನಿಂತಿದ್ದಳು.

ನಾದಿನಿ ನಲ್ಲಿಯ ಹತ್ತಿರದಿಂದ ಕೂಗಿದಳು. "ಅತ್ತಿಗೇ, ಬಾರೇ, ಪೊರಕೆ ನಿಲ್ಲಿಸಿ ಆಯ್ತು, ಮನೆಗೆ ಹೋಗಣ."

ಬೋರ್ಡಕ್ಕ ಗೋಡೆ ನೋಡಿದಳು. ಗೋಡೆಯುದ್ದಕ್ಕೂ ಪೊರಕೆಗಳು ನಿಂತಿದ್ದವು. ಕೋಲು ನೆಲಕ್ಕೆ, ಕಡ್ಡಿ ಆಕಾಶಕ್ಕೆ. ಅರವತ್ತು ಎಪ್ಪತ್ತು ಪೊರಕೆ, ಒಂದಾದರೂ ಬೇರೆ ಥರ ಇಲ್ಲ.

"ಇದ್ಯಾಕೆ ಎಲ್ಲಾ ತಲೆಕೆಳಗಾಗಿ ಇಟ್ಟಿದೀರ?"

"ತಲೆಕೆಳಗಲ್ಲ, ಅದೇ ನೆಟ್ಟಗೆ. ಕಡ್ಡೀನ ನೆಲಕ್ಕೆ ಊರಿದ್ರೆ ಬಾಗಿ ಹೋಗಲ್ವಾ? ನಾಳೆ ಬಾಗಿದ ಪೊರಕೇಲಿ ನೀನು ಬಂದು ಗುಡಿಸ್ತೀಯಾ?"

"ಎಲ್ರೂ ಹೀಗೇ ಇಡ್ತೀರಾ?"

"ಹೀಗಿಡದೇ ಇದ್ರೆ ಕೆಲಸ ಮುಗಿದಿಲ್ಲ ಅಂತ. ಕಡ್ಡಿ ನೆಲದ ಮೇಲಿದ್ರೆ, ಯಾರೋ ನೀರು ಕುಡಿಯೋಕೆ ಹೋಗಿದಾಳೆ, ಬರ್ತಾಳೆ ಅಂತ."

"ಇದನ್ನ ಮೊದ್ಲೇ ಯಾಕೆ ಬೊಗಳಲಿಲ್ಲ ನೀನು?"

"ಇದೇನು ಹೇಳೋ ವಿಷಯಾನಾ? ಪೊರಕೆ ನಿಲ್ಲಿಸೋದು ಅಂದ್ರೆ ನಿಲ್ಲಿಸೋದು."

ನಿಲ್ಲಿಸುವುದು. ನಮ್ಮ ಮಾತಿನಲ್ಲಿ ಆ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಮಾಡುತ್ತಿದ್ದುದನ್ನು ಬಿಡುವುದೂ ನಿಲ್ಲಿಸುವುದೇ, ಮಲಗಿದ್ದನ್ನು ನೆಟ್ಟಗೆ ಮಾಡುವುದೂ ನಿಲ್ಲಿಸುವುದೇ. ಆ ಹೆಂಗಸರು ದಿನಾ ಹನ್ನೆರಡೂವರೆಗೆ ಎರಡನ್ನೂ ಒಂದೇ ಸಲ ಮಾಡುತ್ತಿದ್ದರು. ಕಚೇರಿಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಕಂಪನಿಯಲ್ಲಿ ಗೊತ್ತಿರಲಿಲ್ಲ, ಇಪ್ಪತ್ತು ವರ್ಷ ಅವರ ಪರವಾಗಿ ಘೋಷಣೆ ಕೂಗಿದ ನಮಗೂ ಗೊತ್ತಿರಲಿಲ್ಲ. ಶೆಡ್ಡಿನ ಬಾಗಿಲವರೆಗೆ ನಾವು ನೂರು ಸಲ ಹೋಗಿದ್ದೆವು. ಗೋಡೆ ನೋಡಿರಲಿಲ್ಲ.

ಬೋರ್ಡಕ್ಕ ಬರೆದದ್ದು ಐದು ನಿಮಿಷದಲ್ಲಿ. ಕಡ್ಡಿ ಕೆಳಗೆ, ಓರೆಯಾಗಿ ಚಾಚಿದ ಪೊರಕೆ: ಶುರು. ಕಡ್ಡಿ ಮೇಲೆ, ನೆಟ್ಟಗೆ ನಿಂತ ಪೊರಕೆ: ಮುಗಿಯಿತು.

ಇಂಜಿನಿಯರಮ್ಮ ನೋಡಿದಳು, ಹಿಗ್ಗಿದಳು, ತಕ್ಷಣ ಮುಖ ಸಣ್ಣದು ಮಾಡಿಕೊಂಡಳು. "ಅಕ್ಕ, ಫೋನು ಉಲ್ಟಾ ಹಿಡ್ಕೊಂಡ್ರೆ?"

ಮಾತು ಸರಿಯಾಗಿತ್ತು. ಫೋನು ತಿರುಗಿದರೆ ಮುಗಿದ ಪೊರಕೆ ಶುರುವಿನ ಪೊರಕೆಯಾಗುತ್ತದೆ. ಬೋರ್ಡಕ್ಕ ಬ್ರಷ್ಷಿನ ಹಿಂದಿನ ತುದಿಯಿಂದ ಕಿವಿ ತುರಿಸಿಕೊಳ್ಳುತ್ತ ಬಹಳ ಹೊತ್ತು ಕೂತಳು. ಆಮೇಲೆ ಎರಡೂ ಪೊರಕೆಯ ಕೆಳಗೆ, ಈ ತುದಿಯಿಂದ ಆ ತುದಿಗೆ ಒಂದು ದಪ್ಪ ಗೆರೆ ಎಳೆದಳು.

"ಏನಕ್ಕ ಇದು?"

"ನೆಲ. ನೆಲ ಯಾವತ್ತಾದ್ರೂ ಮೇಲಿರತ್ತಾ?"

ಪರೀಕ್ಷೆ ಕಚೇರಿಯ ಅಂಗಳದಲ್ಲಿ, ಹನ್ನೆರಡೂವರೆಯ ಬಿಸಿಲಲ್ಲಿ. ಜಾಗ ಆರಿಸಿದ್ದು ಬೋರ್ಡಕ್ಕ, ಜನ ಆರಿಸಿದ್ದು ಅಧಿಕಾರಿ. ಬೇರೆ ಬೇರೆ ಶೆಡ್ಡುಗಳಿಂದ ನಲವತ್ತು ಜನ ಹೆಂಗಸರು, ಗಂಡಸರು. ಅಕ್ಷರ ಬಲ್ಲವರು ಕಾಲು ಭಾಗವೂ ಇರಲಿಲ್ಲ. ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ನಾಲ್ಕು ಪ್ರಶ್ನೆ ಕೇಳುವುದು. ನಾಲ್ಕಕ್ಕೂ ಸರಿಯಾದ ಚಿತ್ರ ಒತ್ತಿದರೆ ಒಂದು ಅಂಕ. ಬೋರ್ಡಕ್ಕ, ಮೈಕಮ್ಮ, ನಾದಿನಿ ಮೂವರೂ ಗೇಟಿನ ಆಚೆ ನಿಲ್ಲಬೇಕು, ಸನ್ನೆ ಮಾಡಬಾರದು. ಮೈಕಮ್ಮನಿಗೆ ಬಾಯಿ ಮುಚ್ಚಿ ನಿಲ್ಲು ಎನ್ನುವುದು ಕಚೇರಿಯವರು ಕೊಟ್ಟ ಅತಿ ದೊಡ್ಡ ಶಿಕ್ಷೆ. ನಾದಿನಿ ಗೇಟಿನ ಸರಳು ಹಿಡಿದು ಬೆರಳೆಣಿಸುತ್ತಿದ್ದಳು.

ಹದಿನೆಂಟು ಜನ ಸರಿ. ಹತ್ತೊಂಬತ್ತನೆಯವಳು ರಜೆಗೆ ಮೇಲಂಗಿ ಒತ್ತಲಿಲ್ಲ. "ಅದು ಒಗೆದು ಹಾಕಿರೋದಲ್ವಾ?" ಎಂದಳು. ಒಂದು ತಪ್ಪು. ಇಪ್ಪತ್ತಮೂರನೆಯವನು ಫೋನನ್ನು ಉಲ್ಟಾ ಹಿಡಿದುಕೊಂಡೇ ನೋಡಿದ. ಅವನು "ನೆಲ ಮೇಲ್ಗಡೆ ಐತಲ್ರೀ" ಎಂದು ತಾನೇ ತಿರುಗಿಸಿಕೊಂಡು ನಾಲ್ಕನ್ನೂ ಸರಿ ಒತ್ತಿದ. ಇಪ್ಪತ್ತೇಳನೆಯವರು, ಮೂವತ್ತನೆಯವರು, ಇವರೂ ಮೇಲಂಗಿಯಲ್ಲೇ ಎಡವಿದರು. ಒಬ್ಬಳು ಹೊಸ ಅಂಗಿ ಕೊಡುತ್ತಾರೆ ಎಂದುಕೊಂಡಿದ್ದಳು, ಕೊಡುವುದಿಲ್ಲ ಎಂದು ತಿಳಿದು ಅಧಿಕಾರಿಗೇ ನಾಲ್ಕು ಮಾತು ಕೇಳಿಸಿದಳು. ಮೂರು ತಪ್ಪು. ಮೂವತ್ತನಾಲ್ಕನೆಯ ಅಜ್ಜಿ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಳು, ಮೇಜನ್ನೇ ಒತ್ತಿದಳು. ನಾಲ್ಕು.

ಇನ್ನು ಒಬ್ಬರು ತಪ್ಪಿದರೂ ನಲವತ್ತೊಂದು ಜನರ ಗೈರು ಗೈರೇ. ನಾದಿನಿ ಎಣಿಸುವುದನ್ನು ಬಿಟ್ಟಳು.

"ಅತ್ತಿಗೆ, ನಂಗೆ ನೋಡಕ್ಕಾಗಲ್ಲ. ನೀನೇ ನೋಡಿ ಹೇಳು."

"ನೋಡು ಕಣೇ. ನಾನು ಬರೆದಿರೋದು. ಕಣ್ಣು ಬಿಟ್ಟು ನೋಡು."

ಧೈರ್ಯಕ್ಕೆ ಹೇಳಿದ ಮಾತಲ್ಲ ಅದು. ಏಣಿಯ ಮೇಲೆ ನಿಂತು, ಇಷ್ಟು ದೂರದಿಂದ ಇದು ಕಾಣುತ್ತದೆ ಎಂದು ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದಳು. ಆ ದನಿಯನ್ನು ನಾವು ಮೂವತ್ತು ವರ್ಷ ಕೇಳಿದ್ದೇವೆ, ಅದು ಸುಳ್ಳಾದದ್ದು ಕಂಡಿಲ್ಲ.

ಮೂವತ್ತೈದನೆಯವರು ಸರಿ. ಮೂವತ್ತಾರನೆಯವರು ಸರಿ. ಮೂವತ್ತೇಳನೆಯವನ ಬೆರಳಿಗೆ ನಿಜಕ್ಕೂ ಬಟ್ಟೆ ಸುತ್ತಿತ್ತು. ಗಾಯದ ಚಿತ್ರ ನೋಡಿ "ಇದು ನಂದೇ ಬೆರಳು" ಎಂದು ನಕ್ಕ. ಮೂವತ್ತೆಂಟನೆಯವರೂ ಸರಿ. ಮೂವತ್ತೊಂಬತ್ತನೆಯವಳು ಮುಗಿಸುವ ಪ್ರಶ್ನೆಗೆ ಬೆರಳು ಶುರುವಿನ ಪೊರಕೆಯ ಮೇಲೆ ತಂದು, ಅಲ್ಲೇ ತಡೆದು, "ಅಯ್ಯೋ, ಇನ್ನೂ ನಿಲ್ಲಿಸಿಲ್ಲ ಇದು" ಎಂದು ಪಕ್ಕದ್ದನ್ನು ಒತ್ತಿದಳು.

ನಲವತ್ತನೆಯವಳು ನೇರ ಕೆಲಸದಿಂದ ಬಂದಿದ್ದಳು, ಕೈಯೆಲ್ಲ ಒದ್ದೆ. ಕಿರುಬೆರಳಿನ ಗೆಣ್ಣಿನಿಂದ ಒತ್ತಿದಳು. ಅಧಿಕಾರಿಯ ಪ್ರಶ್ನೆ ಮುಗಿಯುವ ಮೊದಲೇ ಒಂದು, ಎರಡು, ಮೂರು, ನಾಲ್ಕು. ಆಮೇಲೆ ಸೆರಗಿನಲ್ಲಿ ಕೈ ಒರೆಸುತ್ತ ಸುತ್ತ ನೋಡಿದಳು.

"ಇಷ್ಟೇನಾ? ಇದಕ್ಕಾ ನನ್ನ ಬಿಸಿಲಲ್ಲಿ ಒಂದು ಗಂಟೆ ಕಾಯಿಸಿದ್ದು?"

ಮೂವತ್ತಾರು.

ಮೈಕಮ್ಮನ ಗಂಟಲು ಬಿಚ್ಚಿಕೊಂಡಿತು. ಕಚೇರಿಯ ಹಿಂದಿನ ಮರದಿಂದ ಪಾರಿವಾಳಗಳು ಎದ್ದವು. ಅಧಿಕಾರಿ ಎರಡು ಸಲ ಎಣಿಸಿದ, ಮಾತಿಗೆ ತಪ್ಪಲಿಲ್ಲ, ಸಹಿ ಹಾಕಿದ. ಹಾಕಿ ಇಂಜಿನಿಯರಮ್ಮನ ಕಡೆ ತಿರುಗಿ, "ನಿಮ್ಮ ಕಂಪನಿ ಒಳ್ಳೆ ಕೆಲಸ ಮಾಡಿದೆ" ಎಂದ.

"ನಾನು ಕುಗ್ಗಿಸಿದೆ ಸಾರ್, ಅಷ್ಟೇ. ಬರೆದೋರು ಅಲ್ಲಿದಾರೆ," ಎಂದಳು ಅವಳು.

ಅಷ್ಟರಲ್ಲಿ ಮೈಕಮ್ಮ ಮೆಟ್ಟಿಲು ಹತ್ತಿ, ಇದು ಸಂಘದ ಗೆಲುವು, ಇದು ಒಗ್ಗಟ್ಟಿನ ಗೆಲುವು, ಇದು ಯಾರೊಬ್ಬರದೂ ಅಲ್ಲ, ಎಲ್ಲರದೂ ಎಂದು ಶುರು ಮಾಡಿದ್ದಳು. ಇಂಥ ಭಾಷಣದ ನಡುವೆ ಬೋರ್ಡಕ್ಕ ಯಾವತ್ತೂ ಬಾಯಿ ಹಾಕಿದವಳಲ್ಲ. ಆ ದಿನ ಹಾಕಿದಳು.

"ಸಂಘದ ಗೆಲುವು ಸರಿ. ಚಿತ್ರ ಬರೆದದ್ದು ನಾನು. ಅದನ್ನೂ ಹೇಳು."

ಮೈಕಮ್ಮ ಭಾಷಣ ನಿಲ್ಲಿಸಿ ಅವಳ ಕಡೆ ತಿರುಗಿದಳು. ಆಮೇಲೆ, ತನ್ನ ಇಡೀ ಗಂಟಲಿನಿಂದ, ಅಂಗಳದ ಆಚೆ ಬಸ್ಸಿಗೆ ಕಾಯುವವರಿಗೂ ಕೇಳುವ ಹಾಗೆ ಹೇಳಿದಳು: "ಬರೆದದ್ದು ನಮ್ಮ ಬೋರ್ಡಕ್ಕ!" ಬೋರ್ಡಕ್ಕ ತಲೆ ತಗ್ಗಿಸಲಿಲ್ಲ, ಛೇ ಛೇ ಎನ್ನಲಿಲ್ಲ. ಬೋರ್ಡು ಏರಿಸಿದಮೇಲೆ ಕೆಳಗಿಳಿದು ರಸ್ತೆಯಾಚೆ ನಿಂತು ಒಮ್ಮೆ ನೋಡುತ್ತಾಳಲ್ಲ, ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಮ್ಮ ಜನಕ್ಕೆ ಗೆದ್ದಾಗ ಕುಗ್ಗಿ ನಿಲ್ಲುವ ಚಟ ಇದೆ. ಅವಳಿಗಿಲ್ಲ. ಒಳ್ಳೆಯದೇ ಆಯಿತು.

ಮೇಲಂಗಿಯ ಚಿತ್ರವನ್ನು ಅವಳು ಆಮೇಲೂ ಬಿಡಲಿಲ್ಲ. ಮೂವರು ತಪ್ಪಿದ್ದು ಅಂಗಿಯಲ್ಲಿ, ಗೆದ್ದೆವು ಎಂದು ಅದು ಸರಿಯಾಗುವುದಿಲ್ಲ ಎಂದು ಇನ್ನೂ ನಾಲ್ಕು ದಿನ ತಿದ್ದಿದಳು. ಕೊನೆಗೆ ಮೊಳೆಗಳನ್ನು ಮೂರು ಮಾಡಿ, ಎರಡನ್ನು ಖಾಲಿ ಬಿಟ್ಟು, ನಡುವಿನದಕ್ಕೆ ಮಾತ್ರ ಅಂಗಿ ಹಾಕಿದಳು. ಬೇರೆಯವರು ಬಂದಿದ್ದಾರೆ, ಇವಳು ಬಂದಿಲ್ಲ. ಮೊದಲು ತಪ್ಪಿದ ಮೂವರನ್ನೇ ಹುಡುಕಿಕೊಂಡು ಹೋಗಿ ತೋರಿಸಿ, ಸರಿಯಾಗಿ ಒತ್ತಿಸಿ ಬಂದಳು.

ಕಾಯಂ ಪಟ್ಟಿಯನ್ನು ತಿಂಗಳ ಕೊನೆಯ ದಿನ ಕಚೇರಿಯ ಹಲಗೆಗೆ ಅಂಟಿಸಿದರು. ಟೈಪು ಮಾಡಿದ ಎರಡು ಹಾಳೆ, ಮಸುಕು ಮಸಿ, ಇರುವೆ ಸಾಲಿನಂಥ ಅಕ್ಷರ. ನಾದಿನಿಗೆ ಅಂಕಿ ಓದಲು ಬರುತ್ತದೆ, ಅಕ್ಷರ ಬರುವುದಿಲ್ಲ. ಗುಂಪಿನ ನಡುವೆ ಅತ್ತಿಗೆಯ ಮೊಣಕೈ ಹಿಡಿದು ನಿಂತಿದ್ದಳು. ಬೋರ್ಡಕ್ಕ ಕನ್ನಡಕ ಏರಿಸಿ ಮೇಲಿನಿಂದ ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸುತ್ತ ಬಂದು, ಹದಿನೇಳರ ಪಕ್ಕ ನಿಲ್ಲಿಸಿದಳು.

"ಇದು ನೀನು."

ನಾದಿನಿ ಬಾಗಿ ನೋಡಿದಳು. ತನ್ನ ಬೆರಳನ್ನೂ ಅಲ್ಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ಒಂಬತ್ತು ವರ್ಷಕ್ಕೆ ಇಷ್ಟು ಸಣ್ಣಕ್ಕಾ ಬರೆಯೋದು?" ಎಂದಳು. "ನೀನು ಬರೆದಿದ್ರೆ ರಸ್ತೆಗೆಲ್ಲ ಕಾಣಿಸ್ತಿತ್ತು ಅತ್ತಿಗೆ."